ಬಾಗಿಲು ಒಡೆದವರಿಲ್ಲ, ತೆರೆದವರಿದ್ದಾರೆ

ವಿಡಿಯೊ ಗೇಮ್‌ಗಳ ಬಗ್ಗೆ ಗಂಭೀರವಾಗಿ ಬರೆಯುವವರಲ್ಲಿ ಒಂದು ಅಭಿಪ್ರಾಯ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಈಗ ಯಾರೂ ಅದನ್ನು ಪರೀಕ್ಷಿಸಲು ಹೋಗುವುದಿಲ್ಲ. ಕಂಪ್ಯೂಟರ್ ಜಾಲ, ದೈತ್ಯ ಕಂಪನಿಗಳ ಭವಿಷ್ಯಲೋಕವನ್ನು ಚಿತ್ರಿಸಿದ ಎಂಬತ್ತರ ದಶಕದ ಸೈಬರ್‌ಪಂಕ್ ಕಾದಂಬರಿಗಳು, ಅವುಗಳ ಮಡಿಲಲ್ಲಿ ಬೆಳೆದ ಗೇಮ್‌ಗಳು ನಮ್ಮ ಇಂಟರ್‌ನೆಟ್ ಕಾಲವನ್ನು ಮೊದಲೇ ಕಂಡಿದ್ದವು ಎಂಬುದು ಆ ಅಭಿಪ್ರಾಯ. ಸಾಕ್ಷಿಯಾಗಿ ಮುಂದಿಡುವುದು ಹೆಚ್ಚಾಗಿ ‘ಶ್ಯಾಡೋರನ್’ ಆಟದ ಮ್ಯಾಟ್ರಿಕ್ಸನ್ನು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಉತ್ತರ ಕನ್ನಡದ ಘಟ್ಟದ ಮೇಲಿನ ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾ ಕಡೆಯಿಂದ ನೋಡಿದರೆ ಆ ಚಿತ್ರ ನಡೆದದ್ದನ್ನು ತೋರಿಸಿದ್ದಕ್ಕಿಂತ ಮರೆಮಾಡಿದ್ದೇ ಹೆಚ್ಚು. ಆ ಮರೆಯಿಂದ ನಿಜವಾದ ಜನರಿಗೆ ನಷ್ಟವಾಗಿದೆ, ಈಗಲೂ ಆಗುತ್ತಿದೆ.

ಆಟ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರ. ಅಮೆರಿಕದ ಫಾಸಾ ಕಂಪನಿ 1989ರಲ್ಲಿ ಶ್ಯಾಡೋರನ್ನನ್ನು ಹೊರತಂದಾಗ ಅದು ಮೇಜಿನ ಸುತ್ತ ಕುಳಿತು ದಾಳ ಹಾಕಿ ಆಡುವ ಕಥೆಯಾಟವಾಗಿತ್ತು. 1993ರಲ್ಲಿ ಸೂಪರ್ ನಿಂಟೆಂಡೊಗೆ, 1994ರಲ್ಲಿ ಸೆಗಾ ಜೆನೆಸಿಸ್‌ಗೆ ವಿಡಿಯೊ ಗೇಮ್ ಆಗಿ ಬಂತು. 2013ರ ‘ಶ್ಯಾಡೋರನ್ ರಿಟರ್ನ್ಸ್’ ಮತ್ತು ನಂತರದ ಎರಡು ಭಾಗಗಳು ಅದಕ್ಕೆ ಹೊಸ ತಲೆಮಾರಿನ ಆಟಗಾರರನ್ನು ತಂದುಕೊಟ್ಟವು. ಈ ಕಥಾಲೋಕದಲ್ಲಿ ಜಗತ್ತಿನ ಕಂಪ್ಯೂಟರ್‌ಗಳೆಲ್ಲ ಸೇರಿ ಒಂದು ವರ್ಚುವಲ್ ರಿಯಾಲಿಟಿ ಜಾಲವಾಗಿವೆ, ಅದೇ ಮ್ಯಾಟ್ರಿಕ್ಸ್. ಡೆಕರ್ ಎಂಬ ಹ್ಯಾಕರ್ ತನ್ನ ಯಂತ್ರವನ್ನು ನೇರ ನರಮಂಡಲಕ್ಕೆ ಜೋಡಿಸಿಕೊಂಡು ಅದರೊಳಗೆ ಇಳಿಯುತ್ತಾನೆ. ಕತ್ತಲಲ್ಲಿ ಹೊಳೆಯುವ ರೇಖೆಗಳು, ಗೋಪುರಗಳಂತೆ ಎದ್ದ ಕಂಪನಿಗಳ ದತ್ತಾಂಶ, ಅದನ್ನು ಕಾಯುವ ‘ಐಸ್’ ಎಂಬ ಪ್ರೋಗ್ರಾಮ್‌ಗಳು. ಕಪ್ಪು ಐಸ್ ಎದುರಾದರೆ ಡೆಕರ್‌ನ ಪ್ರಾಣವೇ ಹೋಗಬಹುದು. ಸೆಗಾ ಆವೃತ್ತಿಯಲ್ಲಿ ಕಾವಲು ಮುರಿದು ಒಳಹೊಕ್ಕು, ಕಡತ ಕದ್ದು ತಂದು ಮಾರಿ ಹಣ ಮಾಡಬಹುದು. ಆಡಲು ಇದು ತುಂಬ ಸೊಗಸು. 2020ರಲ್ಲಿ ಬಂದ ‘ಸೈಬರ್‌ಪಂಕ್ 2077’ರ ನೆಟ್‌ರನ್ನರ್ ಎಂಬ ಹ್ಯಾಕರ್‌ಗಳವರೆಗೂ ಇದೇ ಚಿತ್ರ ಬಣ್ಣ ಬದಲಿಸಿಕೊಂಡು ನಡೆದುಬಂದಿದೆ.

ಈ ಚಿತ್ರ ಹುಟ್ಟಿದ್ದೆಲ್ಲಿ ಎಂದು ನೋಡಿದರೇ ಭವಿಷ್ಯವಾಣಿಯ ಮಾತು ಅರ್ಧ ಸಡಿಲವಾಗುತ್ತದೆ. ಸೈಬರ್‌ಸ್ಪೇಸ್ ಎಂಬ ಹೆಸರನ್ನು ವಿಲಿಯಂ ಗಿಬ್ಸನ್ 1982ರ ‘ಬರ್ನಿಂಗ್ ಕ್ರೋಮ್’ ಕಥೆಯಲ್ಲಿ ಬಳಸಿದರು. 1984ರ ‘ನ್ಯೂರೋಮ್ಯಾನ್ಸರ್’ ಕಾದಂಬರಿ ಅದನ್ನು ಲೋಕಪ್ರಸಿದ್ಧ ಮಾಡಿತು. ಆ ಕಾದಂಬರಿಯನ್ನು ಅವರು ಬರೆದದ್ದು ಕೈಯಿಂದ ಕುಟ್ಟುವ ಟೈಪ್‌ರೈಟರಿನಲ್ಲಿ. ಕಂಪ್ಯೂಟರ್ ಬಗ್ಗೆ ಆಗ ತಮಗೆ ತಿಳಿದದ್ದು ಅಲ್ಪ ಎಂದು ಅವರೇ ಹೇಳಿಕೊಂಡಿದ್ದಾರೆ. ವ್ಯಾಂಕೂವರ್ ನಗರದ ವಿಡಿಯೊ ಗೇಮ್ ಅಂಗಡಿಗಳಲ್ಲಿ ಹುಡುಗರು ಪರದೆಯೊಳಗೆ ಬಿದ್ದುಬಿಡುವಂತೆ ಬಾಗಿ ಆಡುತ್ತಿದ್ದುದನ್ನು ಕಂಡು ಅವರಿಗೆ ಈ ಕಲ್ಪನೆ ಹೊಳೆಯಿತು. ಹೀಗೆ ಆಟದಂಗಡಿಯಿಂದ ಕಾದಂಬರಿಗೆ ಹೋದದ್ದು ಕಾದಂಬರಿಯಿಂದ ಮತ್ತೆ ಆಟಕ್ಕೆ ಬಂತು. ಈ ಸುತ್ತಿನಲ್ಲಿ ನಿಜವಾದ ಜಾಲ ಎಲ್ಲೂ ಕಾಲಿಟ್ಟಿಲ್ಲ. ಜಗತ್ತನ್ನೇ ಮುಂಗಂಡಿತು ಎನ್ನಲಾಗುವ ಆ ಕಾದಂಬರಿಯಲ್ಲಿ ಮೊಬೈಲ್ ಫೋನ್ ಇಲ್ಲ. ನಾಯಕ ನಡೆದು ಹೋಗುವಾಗ ಸಾಲಾಗಿ ಪೇಫೋನ್‌ಗಳು ರಿಂಗಾಗುತ್ತವೆ.

ಕಲ್ಪನೆ ಕಲ್ಪನೆಯಾಗಿಯೇ ಉಳಿದಿದ್ದರೆ ನನ್ನ ತಕರಾರಿರಲಿಲ್ಲ. ಆದರೆ 1996ರ ಫೆಬ್ರವರಿಯಲ್ಲಿ ಇಂಟರ್‌ನೆಟ್ ಸ್ವಾತಂತ್ರ್ಯದ ಪ್ರತಿಪಾದಕ ಜಾನ್ ಪೆರ್ರಿ ಬಾರ್ಲೋ ದಾವೋಸ್‌ನಿಂದ ಸೈಬರ್‌ಸ್ಪೇಸಿನ ಸ್ವಾತಂತ್ರ್ಯ ಘೋಷಣೆ ಹೊರಡಿಸಿದಾಗ ಅದು ಸಿದ್ಧಾಂತವಾಯಿತು. ಅಲ್ಲಿ ದೇಹಗಳಿಲ್ಲ, ಗಡಿಗಳಿಲ್ಲ, ಸರ್ಕಾರಗಳ ಆಳ್ವಿಕೆ ಅಲ್ಲಿ ನಡೆಯದು ಎಂಬುದು ಅದರ ಸಾರ. ಗೇಮ್‌ಗಳು ಆ ನಂಬಿಕೆಗೆ ಕಣ್ಣು ತುಂಬುವ ಚಿತ್ರ ಕೊಟ್ಟವು. ಜಾಲವೆಂದರೆ ನೆಲವಿಲ್ಲದ ಜಾಗ, ಹ್ಯಾಕರ್ ಎಂದರೆ ಒಂಟಿ ವೀರ, ಭದ್ರತೆಯೆಂದರೆ ಎತ್ತರದ ಗೋಡೆ: ಈ ಮೂರೂ ಒಟ್ಟಿಗೇ ನಮ್ಮ ತಲೆಯೊಳಗೆ ಬಂದು ಕೂತವು.

ಈಗ ಮುಂಡಗೋಡಕ್ಕೆ ಬನ್ನಿ. ಹುಬ್ಬಳ್ಳಿಯಿಂದ ದೂರವೇನಲ್ಲ. 1966ರಲ್ಲಿ ಇಲ್ಲಿನ ಕಾಡಂಚಿನಲ್ಲಿ ಟಿಬೆಟ್ ನಿರಾಶ್ರಿತರಿಗಾಗಿ ವಸಾಹತು ಆರಂಭವಾಯಿತು. ಊರಿನವರು ಇಂದಿಗೂ ಕರೆಯುವುದು ‘ಕ್ಯಾಂಪ್’ ಎಂದೇ. ಲಾಸಾದ ಮಹಾವಿಹಾರಗಳಾದ ಡ್ರೆಪುಂಗ್ ಮತ್ತು ಗಾದೆನ್ ಇಲ್ಲಿ ಮರುಹುಟ್ಟು ಪಡೆದವು. ಸಾವಿರಾರು ಭಿಕ್ಷುಗಳು ಇಲ್ಲಿ ಓದುತ್ತಾರೆ, ಅಂಗಳದಲ್ಲಿ ಕೈ ತಟ್ಟಿ ತರ್ಕ ಮಾಡುತ್ತಾರೆ. ಕ್ಯಾಂಪಿನ ರೈತರು ಗೋವಿನಜೋಳ, ಭತ್ತ ಬೆಳೆಯುತ್ತಾರೆ. ಚಳಿಗಾಲದಲ್ಲಿ ಅನೇಕರು ಊರೂರಿಗೆ ಸ್ವೆಟರ್ ಮಾರಲು ಹೋಗುತ್ತಾರೆ. ಬಂಧುಗಳು ಧರ್ಮಶಾಲೆಯಲ್ಲಿ, ನೇಪಾಳದಲ್ಲಿ, ಸ್ವಿಟ್ಜರ್‌ಲೆಂಡಿನಲ್ಲಿ, ಟಿಬೆಟ್ಟಿನೊಳಗೆ. ಹೀಗೆ ಚದುರಿಹೋದ ಸಮುದಾಯಕ್ಕೆ ಇಮೇಲ್, ಚಾಟ್, ವಾಟ್ಸ್‌ಆ್ಯಪ್‌ಗಳು ಮನೆಯನ್ನು ಹಿಡಿದಿಡುವ ತೊಲೆಗಳು. ಅವರ ಮೇಲೆ ದಾಳಿ ಬಂದದ್ದೂ ಅದೇ ದಾರಿಯಲ್ಲಿ.

2009ರ ಮಾರ್ಚ್‌ನಲ್ಲಿ ಟೊರಾಂಟೊದ ಸಿಟಿಜನ್ ಲ್ಯಾಬ್ ಸಂಶೋಧಕರು ಮತ್ತು ಸೆಕ್‌ಡೆವ್ ಸಂಸ್ಥೆಯವರು ಸೇರಿ ‘ಘೋಸ್ಟ್‌ನೆಟ್’ ವರದಿ ಪ್ರಕಟಿಸಿದರು. 103 ದೇಶಗಳ 1,295 ಕಂಪ್ಯೂಟರ್‌ಗಳೊಳಗೆ ಒಂದು ಗೂಢಚಾರ ಜಾಲ ಕುಳಿತಿತ್ತು. ತನಿಖೆ ಶುರುವಾದದ್ದು ಧರ್ಮಶಾಲೆಯಲ್ಲಿನ ದಲೈ ಲಾಮಾ ಅವರ ಖಾಸಗಿ ಕಚೇರಿಯಿಂದ. ಅಲ್ಲಿನ ಕಂಪ್ಯೂಟರ್‌ಗಳಿಂದ ಪತ್ರಗಳು ಹೊರಗೆ ಹೋಗುತ್ತಿದ್ದವು. ಜಾಲದ ನಿಯಂತ್ರಣ ಕೈಯಲ್ಲಿದ್ದವರು ದೂರದಿಂದಲೇ ಕ್ಯಾಮೆರಾ, ಮೈಕುಗಳನ್ನು ಚಾಲೂ ಮಾಡಬಹುದಿತ್ತು. ನಿಯಂತ್ರಣದ ಸರ್ವರ್‌ಗಳು ಹೆಚ್ಚಿನವು ಚೀನಾದಲ್ಲಿದ್ದವು. ಚೀನಾ ಸರ್ಕಾರ ತನ್ನ ಪಾತ್ರವನ್ನು ನಿರಾಕರಿಸಿತು, ವರದಿಯೂ ಸರ್ಕಾರವೇ ಮಾಡಿಸಿದ್ದೆಂದು ತೀರ್ಪು ಕೊಡಲಿಲ್ಲ.

ಶ್ಯಾಡೋರನ್ ಆಡಿದವರು ಇಲ್ಲಿ ನಿಂತು ಯೋಚಿಸಬೇಕು. ದಾಳಿಕೋರರು ಯಾವ ಗೋಪುರ ಹತ್ತಿದರು, ಯಾವ ಐಸ್ ಮುರಿದರು? ಟಿಬೆಟ್ ಪರ ಕೆಲಸ ಮಾಡುವವರು ಬರೆದಂತೆ ಕಾಣುವ ಒಂದು ಇಮೇಲ್ ಕಳಿಸಿದರು. ಅದಕ್ಕೆ ಒಂದು ಕಡತ ಲಗತ್ತಿಸಿದ್ದರು. ತನ್ನ ಜನರ ಸುದ್ದಿ ಇದೆಯೆಂದು ನಂಬಿ ಓದುಗ ಕಡತ ತೆರೆದ. ಅಷ್ಟೇ. ಬಾಗಿಲನ್ನು ಒಳಗಿನವರೇ ತೆರೆದರು. ಬಾಗಿಲಲ್ಲಿ ನಿಂತವನ ಮುಖ ತಮ್ಮವನದೇ ಆಗಿತ್ತು. ಇನ್ನೊಂದು ಸಂಗತಿ ನನಗೆ ಅದಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ಸಂಶೋಧಕ ನಾರ್ಟ್ ವಿಲ್ಲೆನೂವ್ ಆ ಜಾಲದ ನಿಯಂತ್ರಣ ಪುಟವನ್ನು ಪತ್ತೆಹಚ್ಚಿದ್ದು, ಕಣ್ಣಿಗೆ ಬಿದ್ದಿದ್ದ ಒಂದು ಅಕ್ಷರಸಾಲನ್ನು ಗೂಗಲ್‌ನಲ್ಲಿ ಹಾಕಿ ಹುಡುಕಿ. ಆ ಪುಟಕ್ಕೆ ಪಾಸ್‌ವರ್ಡಿನ ಕಾವಲೂ ಇರಲಿಲ್ಲ. ನೂರಾರು ಕಚೇರಿಗಳೊಳಗೆ ಕಣ್ಣಿಟ್ಟಿದ್ದ ಕೋಟೆಗೆ ಅಗಳಿಯೇ ಇರಲಿಲ್ಲ.

ಗಡಿಗಳಿಲ್ಲ ಎಂದ ಬಾರ್ಲೋಗೂ ಇದೇ ವರದಿಯಲ್ಲಿ ಉತ್ತರವಿದೆ. ಚೀನಾದ ಜನರೊಡನೆ ಆನ್‌ಲೈನ್ ಮಾತುಕತೆ ನಡೆಸುತ್ತಿದ್ದ ಡ್ರೆವ್ಲಾ ಎಂಬ ಟಿಬೆಟ್ ಸಂಸ್ಥೆಯ ಯುವತಿಯೊಬ್ಬಳು ಟಿಬೆಟ್ಟಿನ ತನ್ನ ಹಳ್ಳಿಗೆ ಹೊರಟಾಗ ನೇಪಾಳದ ಗಡಿಯಲ್ಲಿ ಆಕೆಯನ್ನು ಹಿಡಿದು ಎರಡು ತಿಂಗಳು ಇಟ್ಟುಕೊಂಡರು. ಆಕೆ ನಿರಾಕರಿಸಿದಾಗ ವರ್ಷಗಳ ಚಾಟ್ ಮಾತುಗಳ ಪೂರ್ತಿ ಪ್ರತಿಯನ್ನು ತೆಗೆದು ಮುಂದಿಟ್ಟರು ಎಂದು ಸಂಸ್ಥೆಯವರು ಹೇಳಿದ್ದನ್ನು ವರದಿ ದಾಖಲಿಸಿದೆ. ಜಾಲದಲ್ಲಿ ಆಡಿದ ಮಾತಿನ ಬೆಲೆಯನ್ನು ಒಂದು ದೇಹ ಒಂದು ಗಡಿಠಾಣೆಯಲ್ಲಿ ತೆತ್ತಿತು. ಮ್ಯಾಟ್ರಿಕ್ಸ್‌ನಲ್ಲಿ ಸಾಯುವವನು ಕದಿಯಲು ಹೋದವನು. ಇಲ್ಲಿ ಸೆರೆಯಾದದ್ದು ಮಾತಾಡಿದವಳು.

ಕಥೆ 2009ಕ್ಕೆ ಮುಗಿಯಲಿಲ್ಲ. ಕಡತ ಲಗತ್ತಿಸಿ ಕಳಿಸಬೇಡಿ, ಬಂದರೆ ತೆರೆಯಬೇಡಿ, ಕಳಿಸಿದವರಿಗೆ ಫೋನ್ ಮಾಡಿ ಕೇಳಿ ಎಂಬ ತಿಳಿವಳಿಕೆಯನ್ನು ಟಿಬೆಟ್ ಆ್ಯಕ್ಷನ್ ಇನ್‌ಸ್ಟಿಟ್ಯೂಟ್ ಸಮುದಾಯದಲ್ಲಿ ಹಬ್ಬಿಸಿತು. ಜನರ ರೂಢಿ ಬದಲಾಯಿತು. 2016ರ ಸಿಟಿಜನ್ ಲ್ಯಾಬ್ ವರದಿ ಹೇಳುವಂತೆ ಆಗ ದಾಳಿಕೋರರೂ ದಾರಿ ಬದಲಿಸಿ, ನಕಲಿ ಲಾಗಿನ್ ಪುಟಗಳಿಂದ ಪಾಸ್‌ವರ್ಡ್ ಕದಿಯುವತ್ತ ಹೊರಳಿದರು. 2018ರ ಇನ್ನೊಂದು ವರದಿ ಅಂಥದೊಂದು ದಾಳಿಯ ಖರ್ಚನ್ನೇ ಲೆಕ್ಕ ಹಾಕಿತು: ಸುಮಾರು ಒಂದು ಸಾವಿರ ಡಾಲರ್. ಒಂದು ಸಾಧಾರಣ ಮೋಟಾರ್‌ಸೈಕಲಿನ ಬೆಲೆ. 2018–19ರಲ್ಲಿ ಸ್ವಯಂಸೇವಾ ಸಂಸ್ಥೆಯವರು, ಪತ್ರಕರ್ತರು ಎಂದು ಹೇಳಿಕೊಂಡು ಟಿಬೆಟ್ ಸಂಸ್ಥೆಗಳ ಹಿರಿಯರಿಗೆ ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿದರು. ಅದರ ಹಿಂದೆ ಫೋನಿನ ದೋಷಗಳನ್ನು ಬಳಸುವ ಚುರುಕು ತಂತ್ರವಿತ್ತು, ನಿಜ. ಆದರೂ ಲಿಂಕ್ ಒತ್ತಲು ಒಂದು ಬೆರಳು ಬೇಕಿತ್ತು. ಆ ಬೆರಳನ್ನು ಒಪ್ಪಿಸಲು ಬೇಕಾದದ್ದು ನಯವಾದ ನಾಲ್ಕು ಮಾತು.

ಈ ಇಡೀ ಚರಿತ್ರೆಯಲ್ಲಿ ರಕ್ಷಣೆ ನೀಡಿದ್ದು ಜನರು ಪರಸ್ಪರ ಕೇಳಿ ಖಚಿತಪಡಿಸಿಕೊಳ್ಳುವ ಅಭ್ಯಾಸ. ಇದನ್ನು ತೋರಿಸುವ ಒಂದು ದೃಶ್ಯವೂ ಮ್ಯಾಟ್ರಿಕ್ಸ್‌ನಲ್ಲಿಲ್ಲ. ಅಲ್ಲಿ ಡೆಕರ್ ಇದ್ದಾನೆ, ಐಸ್ ಇದೆ, ಕಂಪನಿ ಇದೆ. ಪತ್ರ ಓದುವ ಗುಮಾಸ್ತ ಇಲ್ಲ, ಕಚೇರಿಯ ಹುಡುಗಿ ಇಲ್ಲ, ತಮ್ಮನಿಂದ ಬಂದ ಸಂದೇಶವೆಂದು ಆತುರದಿಂದ ತೆರೆಯುವ ಅಕ್ಕ ಇಲ್ಲ.

ಹಳಿಯಾಳದ ಪೇಟೆಯಲ್ಲಿ ವ್ಯವಹಾರ ಮಾಡುವ ರೈತನಿಗೂ ಇದು ಪರರ ಕಥೆಯಲ್ಲ. 2023ರಲ್ಲಿ ದಕ್ಷಿಣ ಕನ್ನಡದಲ್ಲಿ ಬೆಳಕಿಗೆ ಬಂದ ಆಧಾರ್ ಪಾವತಿ ವಂಚನೆಗಳನ್ನು ನೆನಪಿಸಿಕೊಳ್ಳಿ. ಒಟಿಪಿ ಬರಲಿಲ್ಲ, ಯಾರೂ ಫೋನ್ ಮಾಡಲಿಲ್ಲ, ಖಾತೆಯಿಂದ ದುಡ್ಡು ಹೋಯಿತು. ಜಮೀನಿನ ನೋಂದಣಿ ಪತ್ರಗಳ ಮೇಲಿನ ಹೆಬ್ಬೆಟ್ಟಿನ ಗುರುತು ವಂಚಕರ ಕೈ ಸೇರಿತ್ತು; ಆಮೇಲೆ ನೋಂದಣಿ ಇಲಾಖೆ ಪ್ರತಿಗಳಲ್ಲಿ ಆ ಗುರುತನ್ನು ಮರೆಮಾಡಬೇಕಾಯಿತು. ಕ್ರಯಪತ್ರಕ್ಕೆ ಒತ್ತಿದ ಹೆಬ್ಬೆರಳೇ ಬೀಗದ ಕೈಯಾಗಿ ಬಳಕೆಯಾಯಿತು. ಹೀಗೆ ದುಡ್ಡು ಕಳೆದುಕೊಂಡವರಿಗೆ ನಾವು ಸುಲಭವಾಗಿ ಹೇಳುವ ಮಾತು ‘ಯಾರೋ ಹ್ಯಾಕ್ ಮಾಡಿದ್ದಾರೆ’ ಎಂದು. ಆ ಮಾತಿನಲ್ಲಿ ಮ್ಯಾಟ್ರಿಕ್ಸ್‌ನ ಮಾಂತ್ರಿಕ ಕೂತಿದ್ದಾನೆ. ಪತ್ರವನ್ನು ಹಾಗೆ ತೆರೆದಿಟ್ಟವರು ಯಾರು ಎಂಬ ಪ್ರಶ್ನೆ ಅವನ ನೆರಳಿನಲ್ಲಿ ಅಡಗಿಬಿಡುತ್ತದೆ.

ಗೋಡೆ ಮುರಿದ ಪ್ರಕರಣಗಳೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲಿಗೆ ನುಗ್ಗಿ ಸುಮಾರು 11.5 ಕೋಟಿ ರೂಪಾಯಿ ಲಪಟಾಯಿಸಿದ ಆರೋಪವಿದೆ. ಆ ಹಣ ಹೊರಬಂದದ್ದು ಮಾತ್ರ ಹೊಳೆಯುವ ಸುರಂಗದಲ್ಲಿ ಅಲ್ಲ. ಬೇರೆ ರಾಜ್ಯಗಳಲ್ಲಿ ತೆರೆದಿದ್ದ ಸಾಮಾನ್ಯ ಬ್ಯಾಂಕ್ ಖಾತೆಗಳ ಮೂಲಕ. ಅಣು ವಿದ್ಯುತ್ ನಿಗಮದ ಕೂಡಂಕುಳಂ ಘಟಕದ ವಿಷಯವೂ ಹೀಗೆಯೇ. ದುರುದ್ದೇಶದ ಪ್ರೋಗ್ರಾಮ್ ಹೊಕ್ಕದ್ದು ಆಡಳಿತ ಕೆಲಸದ ಒಂದು ಕಂಪ್ಯೂಟರಿಗೆ, ಸ್ಥಾವರ ನಡೆಸುವ ವ್ಯವಸ್ಥೆಗೆ ಅಲ್ಲ ಎಂದು ನಿಗಮ 2019ರ ಅಕ್ಟೋಬರಿನಲ್ಲಿ ತಿಳಿಸಿತು. ಉತ್ತರ ಕನ್ನಡದ ಕಾಳಿ ನದಿಯ ದಂಡೆಯ ಕೈಗಾ ಸ್ಥಾವರವನ್ನು ನಡೆಸುವುದೂ ಅದೇ ನಿಗಮ. ಇಂಥ ಸ್ಥಾವರ ನಡೆಸುವ ಯಂತ್ರಗಳನ್ನು ಹೊರಜಾಲಕ್ಕೆ ಜೋಡಿಸದೆ ಇಡುವುದು ಸಾಮಾನ್ಯ ಕ್ರಮ. ಎಲ್ಲವೂ ಎಲ್ಲದಕ್ಕೂ ಬೆಸೆದಿರುವ ಒಂದೇ ಮ್ಯಾಟ್ರಿಕ್ಸ್ ಎಂಬುದಿಲ್ಲ.

ಹೀಗೆ ಬೆಸೆದಿಲ್ಲದ್ದರ ಇನ್ನೊಂದು ಮುಖ ಜೋಯಿಡಾದಲ್ಲಿದೆ. ಇಲ್ಲಿ ಜಾಲಕ್ಕೆ ನೆಲವಿದೆ, ಏರು ಇಳಿವಿದೆ, ಮಳೆಗಾಲವಿದೆ. ಕುಣಬಿಗಳು ಗೆಡ್ಡೆ ಗೆಣಸು ಬೆಳೆದು ಬದುಕುವ ಕಾಡಿನ ಹಳ್ಳಿಗಳಲ್ಲಿ ‘ಟವರ್ ಸಿಗ್ತದಾ’ ಎಂದು ಕೇಳಿದರೆ ಉತ್ತರ ಒಂದು ಜಾಗದ ಹೆಸರಾಗಿರುತ್ತದೆ: ಇಂಥ ಗುಡ್ಡದ ತಲೆ, ಇಂಥ ತಿರುವು, ಇಂಥ ಬಂಡೆಯ ಮೇಲೆ. ‘ಕರೆಂಟ್ ಹೋದ್ರೆ ಟವರೂ ಹೋಗ್ತದೆ’ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠ ಫೋನಿಗೆ ಬಂದಾಗ ಜಿಲ್ಲೆಯ ಮಕ್ಕಳು ಪುಸ್ತಕ ಹಿಡಿದು ಗುಡ್ಡ ಹತ್ತಿದರು. ಇಲ್ಲಿನ ಹುಲಿ ಸಂರಕ್ಷಿತ ಅರಣ್ಯದಲ್ಲಿ ಟವರ್ ನಿಲ್ಲಿಸಲು ಅನುಮತಿ ಬೇಕು, ಕೇಬಲ್ ಹೂಳಲು ಅನುಮತಿ ಬೇಕು. ಕಾಡಿನ ದೃಷ್ಟಿಯಿಂದ ಅದಕ್ಕೆ ಕಾರಣಗಳೂ ಇವೆ. 2022ರ ಜುಲೈನಲ್ಲಿ ಕೇಂದ್ರ ಸಂಪುಟ 24,680 ಹಳ್ಳಿಗಳಿಗೆ 4ಜಿ ಮುಟ್ಟಿಸಲು 26,316 ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಜಾಲ ಇನ್ನೂ ತಲುಪದ ಅಷ್ಟು ಹಳ್ಳಿಗಳು ಈ ದೇಶದಲ್ಲಿದ್ದವು ಎಂಬುದಕ್ಕೆ ಇದಕ್ಕಿಂತ ಅಧಿಕೃತ ಒಪ್ಪಿಗೆ ಬೇಕಿಲ್ಲ.

ಮತ್ತು ಜಾಲ ಉರಿಯುವುದು ವಿದ್ಯುತ್ತಿನಿಂದ. ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಸೇರಿ ಕಾಳಿ ಕಣಿವೆಯ ಜಲವಿದ್ಯುತ್ ಘಟಕಗಳ ಸಾಮರ್ಥ್ಯ 1,270 ಮೆಗಾವಾಟ್. ಆ ಕರೆಂಟಿಗಾಗಿ ಹಳೆಯ ಸೂಪಾ ಊರು ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ಮುಳುಗಡೆಯಾದವರು ರಾಮನಗರದಂಥ ಕಡೆ ಹೊಸ ಬಾಳು ಕಟ್ಟಬೇಕಾಯಿತು. ರಾಜ್ಯದ ಗ್ರಿಡ್ಡಿಗೆ ಸೇರುವ ಈ ವಿದ್ಯುತ್ತಿನ ಪಾಲು ಬೆಂಗಳೂರಿನ ಸರ್ವರ್ ಕೋಣೆಗಳಲ್ಲೂ ಉರಿಯುತ್ತದೆ. ಕಣಿವೆಯ ಮೇಲಿನ ಹಳ್ಳಿಯ ಹುಡುಗ ಮಾತ್ರ ಸಿಗ್ನಲ್‌ಗಾಗಿ ಗುಡ್ಡ ಹತ್ತುತ್ತಾನೆ. ನೆಲವಿಲ್ಲದ ಜಾಲ ಎಂಬ ಕಲ್ಪನೆ ಯಾರಿಗೆ ಅನುಕೂಲ ಎಂದು ಅವನನ್ನು ಕೇಳಬೇಕು.

ಶ್ಯಾಡೋರನ್ನಿಗೆ ನ್ಯಾಯ ಸಲ್ಲಿಸುವುದೂ ವಿಮರ್ಶಕನ ಕೆಲಸ. ಅಭಿಮಾನಿಗಳು ಹೊಗಳದ ಎರಡು ಕಡೆ ಆ ಆಟ ತುಂಬ ಸರಿಯಾಗಿದೆ. ಮೊದಲನೆಯದು, ಡೆಕರ್ ಎಲ್ಲೆಂದರಲ್ಲಿ ಮ್ಯಾಟ್ರಿಕ್ಸಿಗೆ ಇಳಿಯಲಾರ. ‘ರಿಟರ್ನ್ಸ್’ನಲ್ಲಿ ಅವನು ಕಟ್ಟಡದೊಳಗೆ ನುಸುಳಿ ಗೋಡೆಯಲ್ಲಿನ ಸಂಪರ್ಕ ಬಿಂದು ಹುಡುಕಬೇಕು. ಅವನು ಜಾಲದೊಳಗಿರುವಾಗ ದೇಹ ಆ ಕೋಣೆಯಲ್ಲೇ ಬಿದ್ದಿರುತ್ತದೆ, ಹೊರಗೆ ಗುಂಡು ಹಾರುತ್ತಿರುತ್ತವೆ, ಜೊತೆಗಾರರು ಅವನನ್ನು ಕಾಯಬೇಕು. ಒಂಟಿ ವೀರನಿಗೆ ಅಲ್ಲಿ ಉಳಿಗಾಲವಿಲ್ಲ. ಈಚಿನ ಗೇಮ್‌ಗಳಲ್ಲಿ ಕ್ಯಾಮೆರಾದತ್ತ ನೋಡಿ ಒಂದು ಗುಂಡಿ ಒತ್ತಿದರೆ ಹ್ಯಾಕ್ ಮುಗಿಯುತ್ತದೆ. ಅವುಗಳಿಗಿಂತ ಹಳೆಯ ಆಟ ಪ್ರಾಮಾಣಿಕವಾಗಿದೆ.

ಎರಡನೆಯದು ಭೂಮಿ. ಶ್ಯಾಡೋರನ್ನಿನ ಹಿನ್ನೆಲೆ ಕಥೆಯಲ್ಲಿ ಗಣಿ, ಕಾಡು, ನೀರಿಗಾಗಿ ಕಂಪನಿಗಳು ಅಮೆರಿಕದ ಮೂಲನಿವಾಸಿಗಳ ನೆಲ ಕಿತ್ತುಕೊಳ್ಳುತ್ತವೆ. ಅವರು ಬಂಡೆದ್ದು ಆ ನೆಲವನ್ನು ಮರಳಿ ಪಡೆಯುತ್ತಾರೆ. ದೊಡ್ಡ ಕಂಪನಿಗಳ ಆವರಣದೊಳಗೆ ದೇಶದ ಕಾನೂನು ನಡೆಯದು. ದಾಂಡೇಲಿಯಲ್ಲಿ ಬೆಳೆದವರಿಗೆ ಕಂಪನಿ ಮತ್ತು ಊರು ಹೆಣೆದುಕೊಳ್ಳುವ ಬಗೆ ಚೆನ್ನಾಗಿ ಗೊತ್ತು. ಬಿದಿರು, ನದಿಯ ನೀರು ನೆಚ್ಚಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯ ಸುತ್ತಲೇ ಊರು ಬೆಳೆಯಿತು. ಬಂಗೂರನಗರ ಎಂಬ ಬಡಾವಣೆಗೆ, ಕಾಲೇಜಿಗೆ ಮಾಲೀಕರ ಮನೆತನದ ಹೆಸರೇ ಇದೆ. ಭಾರತದ ಕಾನೂನು ಇಲ್ಲಿ ನಡೆಯುತ್ತದೆ, ಆಟದ ಹೋಲಿಕೆಯನ್ನು ಅಲ್ಲಿಯವರೆಗೆ ಎಳೆಯಬಾರದು. ಆದರೆ ಕಾಡು, ನದಿ, ಕಾರ್ಖಾನೆ, ಕೆಲಸಗಾರ ಒಂದೇ ಕಥೆಯ ಪಾತ್ರಗಳೆಂದು ಆ ಗೇಮ್ ಕಂಡಿತ್ತು. ಮೆಚ್ಚುವವರ ಕಣ್ಣು ಮಾತ್ರ ಸದಾ ನೀಲಿ ರೇಖೆಗಳ ಮೇಲೆಯೇ ಇತ್ತು.

ಕಲ್ಪನಾಲೋಕದ ಆಟವನ್ನು ವಾಸ್ತವದ ಮಾನದಂಡದಿಂದ ಅಳೆಯುವುದು ತರವೇ ಎಂದು ಕೇಳುವವರಿದ್ದಾರೆ. ಆಟವನ್ನು ಆಟವೆಂದೇ ಆಡುವವರೊಡನೆ ನನಗೆ ಜಗಳವಿಲ್ಲ; ಡ್ರ್ಯಾಗನ್‌ಗಳಿರುವ ಆ ಲೋಕದಲ್ಲಿ ಡೆಕರ್‌ಗೂ ಜಾಗವಿದೆ. ಆದರೆ ಅದನ್ನು ಭವಿಷ್ಯವಾಣಿ ಎಂದು ಕರೆದವರು ವಿಮರ್ಶಕರು. ಹಾಗೆ ಕರೆದಾಗಲೇ ಅವರು ವಾಸ್ತವದ ಮಾನದಂಡವನ್ನು ಒಪ್ಪಿಕೊಂಡಂತಾಯಿತು. ಆ ಮಾನದಂಡದಲ್ಲಿ ಮ್ಯಾಟ್ರಿಕ್ಸ್ ಸೋಲುತ್ತದೆ. ಘೋಸ್ಟ್‌ನೆಟ್ ಅದಕ್ಕೆ ಕಾಣಲಿಲ್ಲ, ಹೆಬ್ಬೆಟ್ಟಿನ ಕಳವು ಕಾಣಲಿಲ್ಲ, ಗುಡ್ಡ ಹತ್ತುವ ಮಗು ಕಾಣಲಿಲ್ಲ.

ಕನ್ನಡದಲ್ಲಿ ಗೇಮ್ ಮಾಡಲು ಹೊರಟ ಹುಡುಗ ಹುಡುಗಿಯರು ಈಗ ಹುಬ್ಬಳ್ಳಿ, ಬೆಂಗಳೂರಿನ ಕಾಲೇಜುಗಳಲ್ಲಿದ್ದಾರೆ. ಅವರಲ್ಲಿ ನನ್ನದೊಂದು ಕೇಳಿಕೆ. ಮ್ಯಾಟ್ರಿಕ್ಸಿನ ನಕಲು ಮಾಡಬೇಡಿ. ಮುಂಡಗೋಡದ ಕ್ಯಾಂಪಿನ ಕಚೇರಿಯೊಂದರಲ್ಲಿ ಬೆಳಗಿನ ಇಮೇಲ್ ತೆರೆಯುವ ಗುಮಾಸ್ತನನ್ನು ನಾಯಕನಾಗಿಸಿ. ಬಂದ ಪತ್ರ ನಿಜವೋ ಸುಳ್ಳೋ ಎಂದು ಅವನು ಯಾರಿಗೆ ಫೋನ್ ಮಾಡಬೇಕು, ಫೋನ್ ಮಾಡಲು ಟವರ್ ಎಲ್ಲಿ ಸಿಗುತ್ತದೆ, ಅಷ್ಟರಲ್ಲಿ ಕರೆಂಟ್ ಹೋದರೆ ಏನು ಮಾಡಬೇಕು ಎಂಬುದನ್ನು ಆಟಗಾರ ನಿರ್ಧರಿಸಲಿ. ಅಂಥ ಆಟ ಬಂದ ದಿನ ಅದರ ಬಗ್ಗೆ ಮೊದಲು ಬರೆಯುವವನು ನಾನಾಗಿರುತ್ತೇನೆ.